ಎರಡು ಕುದುರೆಗಳು ಮತ್ತು ಇಪ್ಪತ್ತಮೂರು ಪೌಂಡುಗಳು

ನನ್ನ ಮಗಳ ಮನೆ ಇರುವುದು ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ಸಮೀಪದಲ್ಲಿ. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿ ಮೂರು ತಿಂಗಳು ಇದ್ದೆನೆಂಬುದು ಬಂಧುಗಳಿಗೆಲ್ಲ ತಿಳಿದೇ ಇದೆ. ಅಲ್ಲಿಂದ ಮರಳಿದ ಮೇಲೆ ನೋಡಿದ ಊರುಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟು ಅರ್ಧಕ್ಕೇ ನಿಲ್ಲಿಸಿದ್ದೆ. ಆ ಬಾಕಿಯಲ್ಲಿ ಒಂದನ್ನು ಇಂದು ತೀರಿಸುತ್ತಿದ್ದೇನೆ. ವಿಷಯ ಕುದುರೆಗಳದು. ಜೂಜಿನ ವಾಸನೆಯೂ ಇಲ್ಲದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ರೇಸಿನ ಗೀಳು ಹತ್ತಿತೇ ಎಂದು ಯಾರೂ ಗಾಬರಿಯಾಗಬೇಕಿಲ್ಲ. ನನ್ನನ್ನು ಹಿಡಿದದ್ದು ಒಂದು ಲೆಕ್ಕ.

ಕುಣಿಗಲ್ಲಿನ ಸುತ್ತಮುತ್ತ ಇದ್ದವರಿಗೆ ಅಲ್ಲಿಯ ಕುದುರೆ ಫಾರಂ ಹೊಸದಲ್ಲ. ಬೇಲಿಯಾಚೆ ಮೇಯುತ್ತಿದ್ದ ಆ ನುಣುಪು ಮೈಯ ಪ್ರಾಣಿಗಳನ್ನು ನೋಡುತ್ತ ನಿಂತು ತರಗತಿಗೆ ತಡವಾಗಿ ಬಂದವರು ಈ ಬರಹವನ್ನು ಓದುವವರಲ್ಲಿಯೇ ಇದ್ದೀರಿ. ಆದರೆ ನಮ್ಮ ಬೆಂಗಳೂರಿನ ರೇಸುಗಳು ಸಮತಟ್ಟಾದ ಹುಲ್ಲಿನ ಮೇಲೆ ನಡೆಯುವ, ಬಹುಪಾಲು ಒಂದೂವರೆ ಮೈಲಿಯೊಳಗೆ ಮುಗಿದುಹೋಗುವ ಓಟಗಳು. ನಾನು ಹೇಳಹೊರಟಿರುವುದು ಬೇರೆ ಜಾತಿಯದು. ಅದಕ್ಕೆ ಸ್ಟೀಪಲ್ ಚೇಸ್ ಎಂದು ಹೆಸರು. ಸ್ಟೀಪಲ್ ಎಂದರೆ ಇಗರ್ಜಿಯ ಗೋಪುರದ ಚೂಪು ತುದಿ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಓಕ್ಯಾಲಹನ್ ಮತ್ತು ಬ್ಲೇಕ್ ಎಂಬ ಇಬ್ಬರು ಗೃಹಸ್ಥರು ಬಟಿವಂಟ್ ಎಂಬ ಊರಿನ ಇಗರ್ಜಿಯಿಂದ ಡನೆರೇಲ್ ಎಂಬ ಊರಿನ ಇಗರ್ಜಿಯವರೆಗೆ, ಸುಮಾರು ನಾಲ್ಕೂವರೆ ಮೈಲಿ, ಪಂದ್ಯ ಕಟ್ಟಿ ಕುದುರೆ ಓಡಿಸಿದರಂತೆ. ದೂರಕ್ಕೆ ಕಾಣುವ ಗುರುತೆಂದರೆ ಗೋಪುರ. ನಡುವೆ ಬೇಲಿ, ಕಲ್ಲುಗೋಡೆ, ಹಳ್ಳ ಏನಿದ್ದರೂ ಹಾರಿಕೊಂಡೇ ಹೋಗಬೇಕು. ಓಟದ ಹೆಸರು ಬಂದದ್ದು ಹೀಗೆ.

ಈ ಜಾತಿಯ ಓಟಗಳಲ್ಲಿ ಜಗತ್ಪ್ರಸಿದ್ಧವಾದುದು ಲಿವರ್‌ಪೂಲಿನ ಅಂಚಿನಲ್ಲಿರುವ ಏಂಟ್ರಿ ಮೈದಾನದ ಗ್ರ್ಯಾಂಡ್ ನ್ಯಾಷನಲ್. 1839ರ ಓಟವನ್ನು ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆ ವರ್ಷ ಬೆಚರ್ ಎಂಬ ಕ್ಯಾಪ್ಟನ್ ಒಂದು ಬೇಲಿಯಾಚೆಯ ಹಳ್ಳಕ್ಕೆ ಬಿದ್ದು, ಉಳಿದ ಕುದುರೆಗಳು ತನ್ನ ಮೇಲೆ ಹಾರಿ ಹೋಗುವವರೆಗೆ ನೀರಿನಲ್ಲೇ ಅವಿತಿದ್ದ. ಆ ಬೇಲಿಗೆ ಇಂದಿಗೂ ಬೆಚರನ ಹಳ್ಳವೆಂದೇ ಹೆಸರು. ಗೆದ್ದವನ ಹೆಸರನ್ನು ಜನ ಮರೆತರು, ಬಿದ್ದವನ ಹೆಸರು ಉಳಿಯಿತು. ಎರಡು ಸುತ್ತು, ಮೂವತ್ತು ನೆಗೆತ. ನಾನು ಹೇಳುವ ಕಾಲದಲ್ಲಿ ದೂರ ನಾಲ್ಕು ಮೈಲಿ 856 ಗಜ, ಅಂದರೆ ಹೆಚ್ಚುಕಡಿಮೆ 7,220 ಮೀಟರು. ಕೊನೆಯ ಬೇಲಿ ದಾಟಿದ ಮೇಲೂ ಗೆಲುವಿನ ಕಂಬಕ್ಕೆ 494 ಗಜ ಬಾಕಿ ಉಳಿಯುತ್ತದೆ. ಈ 494 ಗಜವನ್ನು ನೆನಪಿನಲ್ಲಿಡಿ.

ಇಂತಹ ಓಟಕ್ಕೆ ಮುನ್ನ, ಯಾವ ಕುದುರೆಗೆ ದಮ್ಮು ಇದೆ, ಯಾವುದಕ್ಕೆ ಇಲ್ಲ ಎಂದು ಅಳೆಯುವುದೇ ಒಂದು ಶಾಸ್ತ್ರ. ಮೊದಲು ವಂಶ ನೋಡುತ್ತಾರೆ: ತಂದೆ ತಾಯಿ ಎಷ್ಟು ದೂರದ ಓಟಗಳಲ್ಲಿ ಗೆದ್ದವು? ಬಳಿಕ ಹಿಂದಿನ ಓಟಗಳನ್ನು ನೋಡುತ್ತಾರೆ, ಅದರಲ್ಲಿಯೂ ಗೆದ್ದಿತೋ ಸೋತಿತೋ ಎನ್ನುವುದಕ್ಕಿಂತ ಕೊನೆಯ ಅರ್ಧ ಮೈಲಿಯಲ್ಲಿ ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನು. ನೆಲ ಗಟ್ಟಿಯೋ ಕೆಸರೋ, ಕುದುರೆಯ ಗೊರಸಿಗೆ ಯಾವುದು ಹಿತ ಎಂಬುದು ಮತ್ತೊಂದು. ಕುದುರೆಯ ಮೈಯೊಳಗಿನ ಏರ್ಪಾಡು ಸೋಜಿಗದ್ದು. ನಾಗಾಲೋಟದಲ್ಲಿ ಅದು ಹೆಜ್ಜೆಗೊಂದು ಉಸಿರು ಮಾತ್ರ ಎಳೆಯಬಲ್ಲದು. ಉಸಿರಿನ ತಾಳವೂ ಗೊರಸಿನ ತಾಳವೂ ಒಂದೇ. ಅದರ ಗುಲ್ಮ, ಅಂದರೆ ಸ್ಪ್ಲೀನ್, ಕೆಂಪು ರಕ್ತಕಣಗಳ ಉಗ್ರಾಣ. ಓಟ ಶುರುವಾದೊಡನೆ ಆ ದಾಸ್ತಾನನ್ನು ರಕ್ತಕ್ಕೆ ಸುರಿಯುತ್ತದೆ. ಆ ಉಗ್ರಾಣದಲ್ಲಿ ಎಷ್ಟಿದೆಯೆಂದು ಹೊರಗೆ ನಿಂತವನು ಕಣ್ಣಳತೆಯಲ್ಲಿ ಹೇಳಲಾರ.

ಇದರ ಮೇಲೆ ತೂಕದ ವ್ಯವಸ್ಥೆ. ಒಳ್ಳೆಯ ಕುದುರೆ ಸುಲಭವಾಗಿ ಗೆದ್ದುಬಿಟ್ಟರೆ ಪಂದ್ಯವೇನು ಉಳಿಯಿತು? ಅದಕ್ಕಾಗಿ ಒಬ್ಬ ಅಧಿಕಾರಿ ಪ್ರತಿ ಕುದುರೆಯ ಯೋಗ್ಯತೆಯನ್ನು ಅಂದಾಜು ಮಾಡಿ ಹೊರೆ ಹಂಚುತ್ತಾನೆ. ಬಲವಾದುದಕ್ಕೆ ಹೆಚ್ಚು, ದುರ್ಬಲವಾದುದಕ್ಕೆ ಕಡಿಮೆ. ಸವಾರನ ತೂಕ ಸಾಲದಿದ್ದರೆ ಜೀನಿನಲ್ಲಿ ಸೀಸ ತುಂಬುತ್ತಾರೆ. ಎಲ್ಲವೂ ಒಟ್ಟಿಗೇ ಕಂಬ ಮುಟ್ಟುವಂತಾದರೆ ಆ ಅಧಿಕಾರಿಯ ಜನ್ಮ ಸಾರ್ಥಕ. ದೀರ್ಘ ಓಟಗಳಲ್ಲಿ ಒಂದು ಪೌಂಡು ತೂಕಕ್ಕೆ ಒಂದು ಕುದುರೆಯುದ್ದದ ವ್ಯತ್ಯಾಸ ಎಂಬ ಸ್ಥೂಲ ನಿಯಮವೂ ಉಂಟು. ಒಂದು ಉದ್ದವೆಂದರೆ ಸುಮಾರು ಎಂಟು ಅಡಿ.

ಈಗ 1973ರ ಮಾರ್ಚ್ 31ಕ್ಕೆ ಬರೋಣ. ಅಂದು ಕಣದಲ್ಲಿದ್ದ 38 ಕುದುರೆಗಳಲ್ಲಿ ಎರಡರ ಮೇಲೆ ಜನ ಸಮನಾಗಿ ಹಣ ಕಟ್ಟಿದ್ದರು. ಎರಡಕ್ಕೂ ಒಂದಕ್ಕೆ ಒಂಬತ್ತರ ದರ. ಒಂದು ಕ್ರಿಸ್ಪ್, ಇನ್ನೊಂದು ರೆಡ್ ರಮ್.

ಕ್ರಿಸ್ಪ್ ಆಸ್ಟ್ರೇಲಿಯಾದಿಂದ ಬಂದ ಹತ್ತು ವರ್ಷದ ಭಾರೀ ಕುದುರೆ. ಕಪ್ಪೆನ್ನಬಹುದಾದ ಬಣ್ಣ, ಅದರ ನೆಗೆತ ನೋಡಿ ಕರಿಯ ಕಾಂಗರೂ ಎಂದೇ ಕರೆಯುತ್ತಿದ್ದರು. 1971ರಲ್ಲಿ ಚೆಲ್ಟನ್‌ಹ್ಯಾಮಿನಲ್ಲಿ ಎರಡು ಮೈಲಿಯ ಚಾಂಪಿಯನ್ ಓಟವನ್ನು ಗೆದ್ದಿತ್ತು. ಅದರ ಯೋಗ್ಯತೆಯೂ ಅದರ ಮೇಲಿನ ಸಂಶಯವೂ ಇದೇ. ಎರಡು ಮೈಲಿಯ ವೇಗಿ ನಾಲ್ಕೂವರೆ ಮೈಲಿ ತಾಳೀತೇ? ತೂಕದ ಅಧಿಕಾರಿ ಮಾತ್ರ ಸಂಶಯಪಡದೆ ಅತಿ ಹೆಚ್ಚಿನ ಹೊರೆಯನ್ನೇ ಹೊರಿಸಿದ: 12 ಸ್ಟೋನ್, ಅಂದರೆ 168 ಪೌಂಡು.

ರೆಡ್ ರಮ್‌ನ ಕಥೆ ಇನ್ನೂ ವಿಚಿತ್ರ. ತಂದೆ ಕೋರಮ್, ತಾಯಿ ಮಾರೆಡ್. ತಾಯಿಯ ಹೆಸರಿನ ಬಾಲಕ್ಕೆ ತಂದೆಯ ಹೆಸರಿನ ಬಾಲ ಸೇರಿಸಿ ಇಟ್ಟ ಹೆಸರದು. ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಓದಿದರೆ ಕೊಲೆ ಎಂದಾಗುತ್ತದೆ; ಪುಣ್ಯಕ್ಕೆ ಯಾರೂ ಅಪಶಕುನವೆನ್ನಲಿಲ್ಲ. ಕೋರಮ್ ಒಂದು ಮೈಲಿಯ ಓಟಗಾರ. ವಂಶ ನೋಡಿ ಹೇಳುವವನು ಮಗನಿಗೆ ಒಂದು ಮೈಲಿಯಾಚೆ ದಮ್ಮಿಲ್ಲವೆಂದೇ ಹೇಳಬೇಕು. ಅದರ ಮೊದಲ ಓಟ 1967ರಲ್ಲಿ, ಇದೇ ಏಂಟ್ರಿಯಲ್ಲಿ, ಗ್ರ್ಯಾಂಡ್ ನ್ಯಾಷನಲ್ಲಿನ ಹಿಂದಿನ ದಿನ, ಕೇವಲ ಐದು ಫರ್ಲಾಂಗಿನದು. ಅಲ್ಲಿ ಇನ್ನೊಂದು ಕುದುರೆಯೊಡನೆ ಸಮಸಮ ಬಂತು. ಮುಂದೆ ಅದು ಗೆಲ್ಲಲಿದ್ದ ದೂರ ಇದರ ಏಳರಷ್ಟು. ಕೈಯಿಂದ ಕೈಗೆ ದಾಟುತ್ತ 1972ರಲ್ಲಿ ಡಾಂಕಾಸ್ಟರಿನ ಹರಾಜಿನಲ್ಲಿ 6,000 ಗಿನಿಗೆ ಬಿಕರಿಯಾಯಿತು. ಕೊಂಡವರು ಎಂಬತ್ತು ದಾಟಿದ್ದ ನೋಯೆಲ್ ಲ ಮೇರ್. ಕೊಡಿಸಿದವನು ಸೌತ್‌ಪೋರ್ಟ್ ಎಂಬ ಕಡಲತೀರದ ಊರಿನಲ್ಲಿ ಕಾರು ಮಾರಿಕೊಂಡಿದ್ದ, ಟ್ಯಾಕ್ಸಿಯನ್ನೂ ಓಡಿಸಿದ್ದ ಜಿಂಜರ್ ಮೆಕ್ಕೇನ್. ಮುದುಕರನ್ನು ಟ್ಯಾಕ್ಸಿಯಲ್ಲಿ ಊಟಕ್ಕೆ ಕರೆದೊಯ್ಯುವಾಗ ಬೆಳೆದ ಪರಿಚಯವಂತೆ. ಲಾಯ ಇದ್ದದ್ದು ಕಾರಿನ ಅಂಗಡಿಯ ಹಿಂದೆ.

ಮನೆಗೆ ತಂದ ಮೇಲೆ ನೋಡಿದರೆ ಕುದುರೆ ಕುಂಟುತ್ತಿದೆ! ಗೊರಸಿನೊಳಗಿನ ಎಲುಬಿನ ಉರಿಯೂತ. ಸಾಮಾನ್ಯವಾಗಿ ಓಟದ ಬಾಳನ್ನೇ ಮುಗಿಸುವ ರೋಗ. ಮೆಕ್ಕೇನ್ ಅದನ್ನು ಸಮುದ್ರದ ನೀರಿನಲ್ಲಿ ನಡೆಸಿದ, ಒದ್ದೆ ಮರಳಿನ ಮೇಲೆ ಓಡಿಸಿದ. ಉಪ್ಪುನೀರು ಹಿಡಿಸಿತು. ಬಂದ ಮೊದಲ ಋತುವಿನಲ್ಲೇ ಒಂದರ ಮೇಲೊಂದು ಓಟ ಗೆದ್ದಿತು. ಹರಾಜಿನ ಕಟ್ಟೆಯ ಸುತ್ತ ನಿಂತ ಪರಿಣತರಲ್ಲಿ ಯಾರಿಗೆ ಗೊತ್ತಿತ್ತು ಕುಂಟಿದೆಯೆಂದು? ಕುಂಟಿಗೆ ಮದ್ದು ಕಡಲಿನಲ್ಲಿದೆಯೆಂದು ಕೊಂಡವನಿಗಾದರೂ ಎಲ್ಲಿ ಗೊತ್ತಿತ್ತು? ಅದರ ಪಾಲಿನ ಹೊರೆ 10 ಸ್ಟೋನ್ 5 ಪೌಂಡು, ಅಂದರೆ 145 ಪೌಂಡು. ಕ್ರಿಸ್ಪ್‌ಗಿಂತ 23 ಕಡಿಮೆ. ನಮ್ಮ ಲೆಕ್ಕದಲ್ಲಿ ಹತ್ತು ಕಿಲೋ ಅಕ್ಕಿಯ ಚೀಲವೆನ್ನಿ.

ಓಟದ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕ್ರಿಸ್ಪ್ ಹಿಡಿದು ಓಡಿಸಿದರೆ ಮನಸ್ಸು ಕೊಡುವ ಜಾತಿಯದಲ್ಲ; ಆದುದರಿಂದ ಸವಾರ ರಿಚರ್ಡ್ ಪಿಟ್ಮನ್ ಅದನ್ನು ಅದರ ಪಾಡಿಗೆ ಬಿಟ್ಟ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಅದು ಒಂಟಿಯಾಗಿ ಓಡುತ್ತಿತ್ತು. ಅದರ ಹಿಂದೆ ಎರಡನೆಯದಾಗಿದ್ದ ಗ್ರೇ ಸಾಂಬ್ರೆರೊ ಎಂಬ ಬಿಳಿ ಕುದುರೆ ಚೇರ್ ಎಂಬ ದೊಡ್ಡ ಬೇಲಿಯಲ್ಲಿ ಬಿದ್ದು ಪ್ರಾಣ ಬಿಟ್ಟಿತು. ಇದನ್ನು ಹೇಳದೆ ಆ ದಿನದ ಕಥೆ ಹೇಳುವುದು ಸರಿಯಲ್ಲ. ಆ ಮೈದಾನದಲ್ಲಿ ಸತ್ತ ಕುದುರೆಗಳು ಬಹಳ. ಬೇಲಿಗಳನ್ನು ಮೆದುಗೊಳಿಸಿದ್ದಾರೆ, 2024ರಿಂದ ಓಡುವ ಕುದುರೆಗಳ ಸಂಖ್ಯೆಯನ್ನು 34ಕ್ಕೆ ಇಳಿಸಿದ್ದಾರೆ. ಆದರೂ ಈ ಆಟ ಬೇಕೇ ಎಂದು ಕೇಳುವವರ ಪಕ್ಷವೇ ನನ್ನದೂ. ಬೇಡವೆನ್ನುತ್ತಲೇ ನೋಡುತ್ತೇನೆ, ಏನು ಮಾಡಲಿ.

ಎರಡನೆಯ ಸುತ್ತಿನಲ್ಲಿ ಕ್ರಿಸ್ಪ್‌ನ ಮುನ್ನಡೆ ಇಪ್ಪತ್ತು ಉದ್ದಕ್ಕೂ ಮಿಕ್ಕಿತ್ತು. ಹಿಂದಿನ ಗುಂಪಿನಿಂದ ಬಿಡಿಸಿಕೊಂಡು ಬಂದದ್ದು ರೆಡ್ ರಮ್ ಒಂದೇ. ಮೇಲೆ ಬ್ರಯನ್ ಫ್ಲೆಚರ್. ಕೊನೆಯ ಬೇಲಿ ದಾಟಿದಾಗಲೂ ಅಂತರ ಹದಿನೈದು ಉದ್ದ. ಅಲ್ಲಿಂದ ಮುಂದೆ, ನೆನಪಿಡಿ ಎಂದೆನಲ್ಲ, ಆ 494 ಗಜ. ಕ್ರಿಸ್ಪ್‌ನ ಕಾಲುಗಳು ಕುಡಿದವನ ಕಾಲುಗಳಂತಾದವು. ಪಿಟ್ಮನ್ ಬಲಗೈಯಲ್ಲಿ ಚಾಟಿ ಎತ್ತಿದ. ಕುದುರೆ ಎಡಕ್ಕೆ ವಾಲಿತು. ಚಾಟಿ ಎತ್ತಬಾರದಿತ್ತು, ತಪ್ಪು ತನ್ನದೆಂದು ಅವನೇ ಮುಂದೆ ಅನೇಕ ಬಾರಿ ಹೇಳಿಕೊಂಡಿದ್ದಾನೆ. ಕಂಬ ಇನ್ನೆರಡು ಹೆಜ್ಜೆ ಇದೆಯೆನ್ನುವಾಗ ರೆಡ್ ರಮ್ ದಾಟಿತು. ಗೆಲುವಿನ ಅಂತರ ಮುಕ್ಕಾಲು ಉದ್ದ.

ನನ್ನ ಕೈಗೆ ಲೆಕ್ಕದ ಕಡ್ಡಿ ಬಂದದ್ದು ಇಲ್ಲಿ. 494 ಗಜವೆಂದರೆ 452 ಮೀಟರು. ಹದಿನೈದು ಉದ್ದವೆಂದರೆ ಸುಮಾರು 36 ಮೀಟರು. ಕ್ರಿಸ್ಪ್ 450 ಮೀಟರು ಹೋಗುವಷ್ಟರಲ್ಲಿ ರೆಡ್ ರಮ್ 488 ಮೀಟರು ಬಂದಿದೆ. ಒಂದು ನೂರು ಓಡಿದರೆ ಇನ್ನೊಂದು ನೂರೆಂಟು. ಅಷ್ಟೇ ನೋಡಿದರೆ ಕ್ರಿಸ್ಪ್‌ಗೆ ದಮ್ಮು ಸಾಲದೆಂಬ ತೀರ್ಪು ಸಹಜ. ಓಟದ ಮರುದಿನ ತಿಳಿದವರು ಅದನ್ನೇ ಹೇಳಿದರು: ಎರಡು ಮೈಲಿಯ ಕುದುರೆ, ನಾವು ಮೊದಲೇ ಹೇಳಿರಲಿಲ್ಲವೇ?

ಆದರೆ ಗಡಿಯಾರ ಬೇರೆ ಹೇಳುತ್ತದೆ. ಗೆದ್ದ ಕುದುರೆಯ ಕಾಲ 9 ನಿಮಿಷ 1.9 ಸೆಕೆಂಡು. ತಾಸಿಗೆ 48 ಕಿಲೋಮೀಟರಿನ ಸರಾಸರಿ, ಮೂವತ್ತು ಬೇಲಿ ಹಾರಿಕೊಂಡು! 1930ರ ದಶಕದಿಂದ ನಿಂತಿದ್ದ ದಾಖಲೆ ಹದಿನೆಂಟು ಸೆಕೆಂಡುಗಳಿಗೂ ಮಿಕ್ಕಿ ಮುರಿಯಿತು. ಕ್ರಿಸ್ಪ್ ಅದಕ್ಕಿಂತ ಒಂದು ಸೆಕೆಂಡಿನ ಚೂರಿನಷ್ಟೇ ಹಿಂದೆ. ಅಂದರೆ ಸೋತ ಕುದುರೆ ಅತಿ ಹೆಚ್ಚಿನ ಹೊರೆ ಹೊತ್ತು, ಆ ದಿನದವರೆಗೆ ಗೆದ್ದಿದ್ದ ಎಲ್ಲ ಕುದುರೆಗಳಿಗಿಂತ ವೇಗವಾಗಿ ಆ ದೂರವನ್ನು ಓಡಿತ್ತು. ಅಷ್ಟೇ ಹೊರೆ ಹೊತ್ತಿದ್ದ ಲೆಸ್ಕಾರ್ಗೊ, ಚೆಲ್ಟನ್‌ಹ್ಯಾಮಿನ ಗೋಲ್ಡ್ ಕಪ್ಪನ್ನು ಎರಡು ಸಲ ಗೆದ್ದ ಕುದುರೆ, 25 ಉದ್ದ ಹಿಂದೆ ಮೂರನೆಯದಾಗಿ ಬಂತು. ಇದನ್ನು ದಮ್ಮಿಲ್ಲದ ಕುದುರೆಯೆನ್ನಲು ಯಾವ ಬಾಯಿ ಬಂದೀತು? ಅದೇ ವರ್ಷದ ಕೊನೆಯಲ್ಲಿ ಎರಡೂ ಡಾಂಕಾಸ್ಟರಿನಲ್ಲಿ ಮತ್ತೆ ಎದುರಾದವು. ಈ ಬಾರಿ ತೂಕ ಸಮಸಮ. ಕ್ರಿಸ್ಪ್ ಎಂಟು ಉದ್ದದಿಂದ ಗೆದ್ದಿತು.

ಇಲ್ಲಿ ಸ್ವಂತದ ಒಂದು ಮಾತು ಹೇಳಬೇಕಾಗಿದೆ. ಇದಕ್ಕಾಗಿಯೇ ಬಹುಶಃ ಈ ಬರಹವನ್ನು ಇಷ್ಟು ದಿನ ಮುಂದೂಡಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ನಾವು ಉಪಾಧ್ಯಾಯರು ಸ್ಟಾಫ್ ರೂಮಿನಲ್ಲಿ ಕುಳಿತು ಯಾರು ಫಸ್ಟ್ ಕ್ಲಾಸು, ಯಾರು ಪಾಸು, ಯಾರು ಡುಮ್ಕಿ ಎಂದು ಪಟ್ಟಿ ಮಾಡುತ್ತಿದ್ದೆವು. ಹಣ ಕಟ್ಟುತ್ತಿರಲಿಲ್ಲವೆಂಬುದನ್ನು ಬಿಟ್ಟರೆ ನಾವೂ ರೇಸಿಗೆ ಹೋದವರೇ. ನನ್ನದೊಂದು ಕಪ್ಪು ರಟ್ಟಿನ ನೋಟುಪುಸ್ತಕ ಇತ್ತು. ಒಂದು ವರ್ಷ, ಅರ್ಧವಾರ್ಷಿಕದಲ್ಲಿ ಎಲ್ಲರಿಗಿಂತ ಮೇಲೆ ಬಂದಿದ್ದ ಹುಡುಗನೊಬ್ಬ ಜನವರಿಯಿಂದಾಚೆ ಇಳಿಯತೊಡಗಿದ. ತರಗತಿಯಲ್ಲಿ ತೂಕಡಿಕೆ, ಮನೆಗೆಲಸ ಅರ್ಧಂಬರ್ಧ. ಅವನ ಹೆಸರಿನ ಮುಂದೆ ನಾನು ‘ಆರಂಭಶೂರ, ದಮ್ಮಿಲ್ಲ’ ಎಂದು ಬರೆದೆ. ಬರೆದದ್ದಷ್ಟೇ ಅಲ್ಲ, ತರಗತಿಯಲ್ಲಿ ಎಲ್ಲರೆದುರು ಹೇಳಿಯೂಬಿಟ್ಟೆ. ಪರೀಕ್ಷೆಯಲ್ಲಿ ಅವನು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ. ನನ್ನ ಅಂದಾಜು ಸರಿಯಾಯಿತೆಂದು ಸಹೋದ್ಯೋಗಿಗಳ ಮುಂದೆ ಬೀಗಿದ್ದೂ ಉಂಟು.

ಹತ್ತು ಹನ್ನೊಂದು ವರ್ಷಗಳ ಬಳಿಕ ಅವನ ತಂಗಿಯ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತಿದ್ದ ಅವನ ಸೋದರಮಾವ ಹೇಳಿದರು: ಆ ವರ್ಷ ಡಿಸೆಂಬರಿನಲ್ಲಿ ಹುಡುಗನ ತಂದೆ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ತೋಟಕ್ಕೆ ನೀರು ಕಟ್ಟಿ, ಐದು ಮೈಲಿ ನಡೆದು ಅವನು ಶಾಲೆಗೆ ಬರುತ್ತಿದ್ದನಂತೆ. “ನಿಮಗೆ ಹೇಳಿರಲಿಲ್ವೇ ಸಾರ್?” ಎಂದು ಅವರು ಕೇಳಿದರು. ನಾನೂ ಕೇಳಿರಲಿಲ್ಲ. ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು, ಮುಟ್ಟಲಾಗಲಿಲ್ಲ. ಅವನು ಇಂದು ಅನುಕೂಲವಾಗಿಯೇ ಇದ್ದಾನೆ, ಇದನ್ನು ಓದಿಯೂ ಓದುತ್ತಾನೆ. ಅವನ ಮುಂದೆ ಬಾಯಿ ಬಿಟ್ಟು ಹೇಳಲಾಗದುದನ್ನು ಇಲ್ಲಿ ಬರೆದಿದ್ದೇನೆ.

ರೆಡ್ ರಮ್‌ನ ವಿಚಾರಕ್ಕೆ ಮರಳುತ್ತೇನೆ, ಏಕೆಂದರೆ ಅದಕ್ಕೂ ಅನ್ಯಾಯವಾಗಬಾರದು. 1973ರ ಬಳಿಕ ಕ್ರಿಸ್ಪ್‌ನ ಅಭಿಮಾನಿಗಳು ಅದನ್ನು ಹಗುರ ಹೊರೆಯ ಗೆಲುವೆಂದು ಮೂದಲಿಸಿದರು. ಮರುವರ್ಷ ಕ್ರಿಸ್ಪ್ ಓಡಲಿಲ್ಲ. ಅಧಿಕಾರಿ ಆ 12 ಸ್ಟೋನನ್ನು ಈ ಬಾರಿ ರೆಡ್ ರಮ್‌ನ ಬೆನ್ನಿಗೇ ಹೇರಿದ. ಅಷ್ಟು ಹೊತ್ತೂ ಅದು ಏಳು ಉದ್ದದಿಂದ ಗೆದ್ದಿತು; ಲೆಸ್ಕಾರ್ಗೊ ಎರಡನೆಯದು. ಕೆಲವೇ ವಾರಗಳಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಓಟವನ್ನೂ ಗೆದ್ದಿತು. 1975ರಲ್ಲಿ ಲೆಸ್ಕಾರ್ಗೊ 11 ಪೌಂಡು ಕಡಿಮೆ ಹೊತ್ತು ಬಂದು ಅದನ್ನು 15 ಉದ್ದದಿಂದ ಸೋಲಿಸಿತು. 1976ರಲ್ಲಿ ರ‍್ಯಾಗ್ ಟ್ರೇಡ್ ಎಂಬ ಕುದುರೆ 12 ಪೌಂಡು ಕಡಿಮೆ ಹೊತ್ತು ಎರಡು ಉದ್ದದಿಂದ ಗೆದ್ದಿತು. ಎರಡೂ ಸಲ ರೆಡ್ ರಮ್ ಎರಡನೆಯದು. ಇನ್ನು ಮುಗಿಯಿತು, ಮುದಿಯಾಯಿತು ಎಂಬ ಮಾತು ಎದ್ದಿತು. ಹನ್ನೆರಡು ವರ್ಷವಾದ ಕುದುರೆಯ ಬಗ್ಗೆ ಆ ಮಾತು ತಪ್ಪೂ ಅಲ್ಲ.

1977ರಲ್ಲಿ ಟಾಮಿ ಸ್ಟ್ಯಾಕ್ ಸವಾರ, ಹೊರೆ 11 ಸ್ಟೋನ್ 8 ಪೌಂಡು. ಎರಡನೆಯ ಸುತ್ತಿನಲ್ಲಿ ಮುಂದಿದ್ದ ಆ್ಯಂಡಿ ಪ್ಯಾಂಡಿ ಬೆಚರನ ಹಳ್ಳದಲ್ಲಿ ಬಿದ್ದಿತು. ಮುಂದಾಳಾದ ರೆಡ್ ರಮ್ 25 ಉದ್ದದಿಂದ ಗೆದ್ದಿತು. ಎರಡನೆಯದಾದ ಚರ್ಚ್‌ಟೌನ್ ಬಾಯ್ ಹೊತ್ತಿದ್ದು ಬರೀ 10 ಸ್ಟೋನು. ವ್ಯತ್ಯಾಸ 22 ಪೌಂಡು. 1973ರಲ್ಲಿ ಕ್ರಿಸ್ಪ್ ತನಗೆ ಬಿಟ್ಟುಕೊಟ್ಟಿದ್ದಕ್ಕಿಂತ ಒಂದೇ ಪೌಂಡು ಕಡಿಮೆ. ಅದನ್ನು ಬಿಟ್ಟುಕೊಟ್ಟೂ ಈ ಮುದಿಯ ಗೆದ್ದಿತೆಂದು ನಾನು ಕುಣಿದಾಡುವಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ಚರ್ಚ್‌ಟೌನ್ ಬಾಯ್ ಎರಡು ದಿನ ಮೊದಲು ಅದೇ ಬೇಲಿಗಳ ಮೇಲೆ ಇನ್ನೊಂದು ಓಟ ಓಡಿ ಗೆದ್ದು ಬಂದಿತ್ತು. ಆ ದಣಿವನ್ನು ಎಷ್ಟು ಪೌಂಡೆಂದು ಎಣಿಸುವುದು?

ಐದು ಗ್ರ್ಯಾಂಡ್ ನ್ಯಾಷನಲ್, ನೂರೈವತ್ತು ನೆಗೆತ, ಒಂದು ಸಲವೂ ಬೀಳಲಿಲ್ಲ. ಮೂರು ಮೊದಲ ಸ್ಥಾನ, ಎರಡು ಎರಡನೆಯದು. 1978ರಲ್ಲಿ ಆರನೆಯ ಬಾರಿಗೆ ಸಿದ್ಧವಾಗಿದ್ದಾಗ ಓಟದ ಹಿಂದಿನ ದಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಕಂಡು ಹಿಂದೆಗೆದುಕೊಂಡರು. 1995ರ ಅಕ್ಟೋಬರಿನಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಅದು ತೀರಿಕೊಂಡಿತು. ಏಂಟ್ರಿಯ ಗೆಲುವಿನ ಕಂಬದ ಬಳಿಯೇ ಸಮಾಧಿ ಮಾಡಿದ್ದಾರೆ. ಹತ್ತಿರದಲ್ಲಿ ಕಂಚಿನ ಪ್ರತಿಮೆಯೂ ಇದೆ.

ಅಳಿಯಂದಿರು ಅಲ್ಲಿ ನನ್ನ ಫೋಟೋ ತೆಗೆದರು. ಕ್ರಿಸ್ಪ್ ಯಾವುದೆಂದು ಕೇಳಿದೆ. ಅವರಿಗೆ ಆ ಹೆಸರು ಗೊತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನಲ್ಲಿ 1973ರ ಓಟವನ್ನು ಹುಡುಕಿ ಹಾಕಿಕೊಟ್ಟರು. ಮೊಮ್ಮಗಳು ನನ್ನ ತೊಡೆಯ ಮೇಲೆ ಕುಳಿತು ನೋಡಿದಳು. ಕೊನೆಯ ಬೇಲಿ ದಾಟಿದ್ದೇ, “ಕರಿ ಕುದುರೆ ಗೆತ್ತು ತಾತ” ಎಂದು ಎದ್ದು ಮಲಗಲು ಹೋದಳು.